ನಾನು ಕತ್ತರಿಸಿದ ಎರಡು ಸಾಲು

ಬೆಳ್ಳಗಿದೆ, ಸುಣ್ಣ ಕಲಸಿದ ಹಾಗೆ, ಲೋಟದ ಅಂಚಿನವರೆಗೂ ಬೆಳ್ಳಗೆ, ಅಣ್ಣ ಅದನ್ನು ಎರಡೂ ಕೈಯಲ್ಲಿ ಹಿಡಿದು ಎಕ್ಸ್‌ರೇ ಯಂತ್ರದ ಮುಂದೆ ನಿಂತಿದ್ದಾನೆ, ಕುಡಿಯುತ್ತಿಲ್ಲ — ಬೇರಿಯಂ, ಎಷ್ಟು ತೂಗೀತು ಆ ಲೋಟ, ಗ್ರೀಕರಿಗೆ ಬರೂಸ್ ಎಂದರೆ ಭಾರ, ನಮ್ಮ ನಿಘಂಟು ಕಚೇರಿಯಲ್ಲಿ ಒಂದೇ ಬೇರಿನ ಪದಗಳ ಚೀಟಿಗಳನ್ನು ಒಂದೇ ದಾರದಲ್ಲಿ ಕಟ್ಟುತ್ತೇವೆ, ಬ್ಯಾರಿಟೋನ್, ಬ್ಯಾರೋಮೀಟರ್, ಬೇರಿಯಂ, ಒಂದು ಹಾಡಿನದು, ಒಂದು ಹವೆಯದು, ಒಂದು ರಸಾಯನದ್ದು, ಮೂರೂ ಒಂದೇ ತಾಯಿ ಮಕ್ಕಳು, ಬರೂಸ್ ನಮ್ಮ ಭಾರಕ್ಕೂ ನೆಂಟನೇ ಅಂದುಕೊಂಡು ಎಷ್ಟು ದಿನ ಬೀಗಿದ್ದೆ, ಅಲ್ಲವಂತೆ, ನಿಜವಾದ ನೆಂಟ ಗುರು, ಲಘು ಗುರುವಿನ ಗುರು, ಮುಖ ನೋಡಿ ನೆಂಟಸ್ತನ ಹೇಳಬಾರದು — ಬೇರಿಯಂ ಲೋಹ ಕೂಡ ಅಷ್ಟೇನೂ ಭಾರವಿಲ್ಲ, ಕಬ್ಬಿಣಕ್ಕಿಂತ ಹಗುರ, ಅದು ಸಿಕ್ಕ ಕಲ್ಲು ಮಾತ್ರ ಭಾರ, ಹೆಸರಿಟ್ಟಾಯಿತು, ಇನ್ನು ಯಾರು ತಿದ್ದುತ್ತಾರೆ. ಅಣ್ಣನದು ಬ್ಯಾರಿಟೋನ್, ತಗ್ಗಿನ ತುಂಬು ದನಿ, ಮೇಳದಲ್ಲಿ ಅವನು ಹಾಡಿದರೆ ಬೆಂಚು ನಡುಗುತ್ತಿತ್ತು, ಕಚೇರಿಗೆ ಬಂದರೆ ಮೊದಲು ಗೋಡೆಯ ಬ್ಯಾರೋಮೀಟರಿಗೆ ಬೆರಳಿನಿಂದ ತಟ್ಟಿ, ಇವತ್ತು ಗಾಳಿ ಭಾರ ಕಣೇ, ನನ್ನ ದನಿನೂ ಕೆಳಗಿಳಿಯುತ್ತೆ, ಅನ್ನುತ್ತಿದ್ದ, ಆಮೇಲೆ ಕರಡು ಓದುತ್ತಿದ್ದ, ಅವನು ಗಟ್ಟಿಯಾಗಿ ಓದಬೇಕು, ನಾನು ಚೀಟಿ ನೋಡಬೇಕು, ಚಿಹ್ನೆಗಳನ್ನೂ ಬಿಡುವಂತಿಲ್ಲ, ಅದು ಕಚೇರಿಯ ಪದ್ಧತಿ — ಬೇರಿಯಂ, ಬೆಳ್ಳಿ ಬಣ್ಣದ ಲೋಹ, ಅಲ್ಪವಿರಾಮ, ಇದರ ಲವಣಗಳು ವಿಷ, ಪೂರ್ಣವಿರಾಮ. ಅದನ್ನು ಓದುವಾಗಲೇ ದನಿ ಒಡೆದಿತ್ತು, ಮೂರು ತಿಂಗಳಾಯಿತು, ಈಗ ತುತ್ತು ಎದೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಎಲ್ಲಿ ಎಂದು ಈ ಬಿಳಿ ನೀರು ತೋರಿಸಬೇಕು, ಡಾಕ್ಟರು ಹೇಳಿದ್ದಾರೆ, ಇವನು ಕೇಳಬೇಕಲ್ಲ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು, ನೀನೇ ಬರ್ದಿದೀಯಲ್ಲ, ವಿಷ ಅಂತ, ಪೂರ್ಣವಿರಾಮ, ನಾನೇ ಓದಿದೀನಿ, ಅನ್ನುತ್ತಾನೆ. ಡಾಕ್ಟರಿಗಿಂತ ನಿಘಂಟು ದೊಡ್ಡದು ಇವನಿಗೆ, ನಿಘಂಟೆಂದರೆ ನಾನು. ಯಂತ್ರದ ಹುಡುಗಿ ನನ್ನ ಕಡೆ ತಿರುಗಿ, ಅಮ್ಮಾ, ಇದು ಮೈಗೆ ಹಿಡಿಯಲ್ಲ, ಒಳಗೆ ಹೋಗಿದ್ದು ಹಾಗೇ ಹೊರಗೆ ಬರುತ್ತೆ, ನೀವೇ ಹೇಳಿ ಅವರಿಗೆ, ಅನ್ನುತ್ತಾಳೆ — ಗೊತ್ತಮ್ಮ, ಗೊತ್ತಿದ್ದೇ ಬರೆದಿದ್ದೆ, ಕರಗದ ಲವಣವೊಂದಿದೆ, ಅದನ್ನು ಕುಡಿಸಿ ಪರೀಕ್ಷೆ ಮಾಡುತ್ತಾರೆ ಎಂದು, ಪುಟ ತುಂಬಿಹೋಗಿತ್ತು, ಅಚ್ಚಿನವರು ಎರಡು ಸಾಲು ಕಡಿಮೆ ಮಾಡಿ ಅಂದರು, ಯಾರು ಬೇರಿಯಂ ನೋಡಲು ಬರುತ್ತಾರೆ ಎಂದು, ಕರಡು ಅಣ್ಣನ ಕೈಗೆ ಹೋಗುವ ಮೊದಲೇ, ಅವನ್ನೇ ಕತ್ತರಿಸಿದೆ, ಮಾಡಿದ್ದುಣ್ಣೋ ಮಹರಾಯ.

ಇಷ್ಟು ವರ್ಷದಲ್ಲಿ ಅಣ್ಣನ ಎದುರು ಒಂದು ಅಕ್ಷರಕ್ಕೂ ತಪ್ಪು ಒಪ್ಪಿಕೊಂಡವಳಲ್ಲ ನಾನು, ಇವತ್ತು ಹೇಳುತ್ತೇನೆ, ಅಣ್ಣ, ಅದು ಅರ್ಧ ಅರ್ಥ, ಉಳಿದದ್ದನ್ನ ನಾನೇ ಕತ್ತರಿಸಿದ್ದು, ಇದು ವಿಷ ಅಲ್ಲ, ಕುಡಿ. ಅವನು ನನ್ನನ್ನೇ ನೋಡುತ್ತಾನೆ, ಹಾಗಾದ್ರೆ ತಿದ್ದುಪಡಿಗೆ ಹಾಕ್ತೀಯಾ, ಹಾಕ್ತೀನಿ ಅಣ್ಣ, ಮೊದಲ ಪುಟಕ್ಕೇ ಹಾಕ್ತೀನಿ — ಗಾಜಿನ ಹಿಂದೆ ನನ್ನನ್ನು ನಿಲ್ಲಿಸಿದ್ದಾರೆ, ಹೆದರಿಕೆಯಾಗುತ್ತಿದೆ, ಪರದೆಯ ಮೇಲೆ ಅಣ್ಣನ ಕತ್ತು, ಪಕ್ಕೆಲುಬು, ಈ ಬೂದು ಗೂಡಿನಿಂದಲೇ ಅಷ್ಟು ದನಿ ಬರುತ್ತಿತ್ತೇ, ಲೋಟ ಬಾಗುತ್ತದೆ, ಬಿಳುಪು ನಾಲಗೆ ದಾಟಿ, ಗಂಟಲು ದಾಟಿ, ಎಷ್ಟು ಚೆನ್ನಾಗಿ ಇಳಿಯುತ್ತದೆ, ಭಾರ ಇದ್ದದ್ದು ಇಳಿಯಲೇಬೇಕಲ್ಲ, ಎದೆಯ ನಡುವಿಗೆ ಬಂದು ಅಗಲವಾಗುತ್ತದೆ, ಅದರ ಕೆಳಗೆ ಒಂದು ಎಳೆ, ದಾರದಷ್ಟು ಸಣ್ಣದು, ಆಮೇಲೆ ಅದೂ ಇಲ್ಲ, ಇನ್ನೊಂದು ಗುಟುಕು ಕುಡೀರಿ, ಹುಡುಗಿಯ ದನಿ ಮೆತ್ತಗಾಗಿದೆ, ಅಣ್ಣ ವಿಧೇಯನಾಗಿ ಕುಡಿಯುತ್ತಾನೆ, ಹೊಸ ಬಿಳುಪು ಬಂದು ಹಳೆಯದರ ಮೇಲೆ ಕೂರುತ್ತದೆ, ಇಳಿ, ಇಳಿ ಅನ್ನುತ್ತೇನೆ, ಬಿಳುಪು ಅಲ್ಲೇ ನಿಂತಿದೆ