ಬಲ್ಲಾಳರ ದೋಣಿಯ ಹುಟ್ಟು

ನಾನು ಒಂದು ಹುಟ್ಟು, ದೋಣಿ ನಡೆಸುವ ಮರದ ಹುಟ್ಟು. ಕುಂದಾಪುರದ ಕಡೆಯ ಒಂದು ದೋಣಿಶಾಲೆಯಲ್ಲಿ, ಸುರಹೊನ್ನೆಯ ಒಂದೇ ದಿಮ್ಮಿಯಿಂದ ನನ್ನನ್ನೂ ನನ್ನ ಜೋಡಿಯನ್ನೂ ಕೆತ್ತಿದರು. ಮೀನೆಣ್ಣೆ ಕುಡಿಸಿ ನೆರಳಲ್ಲಿ ಒಣಗಿಸಿದರು.

ನಮ್ಮನ್ನು ಮಾಡಿಸಿದವರು ರಘುಚಂದ್ರ ಬಲ್ಲಾಳರು. ಅವರ ತಂದೆ ಮಂತ್ರಿಯಾಗಿದ್ದವರು. ಅಣ್ಣ ಧರ್ಮಪಾಲರು ಮುಖ್ಯಮಂತ್ರಿ. ತಮ್ಮನಿಗೆ ಮೀನುಗಾರಿಕೆ ಖಾತೆ ಸಿಕ್ಕಾಗ ಅಣ್ಣನ ಕೃಪೆಯೆಂದು ಜನ ನಕ್ಕರು. ಬಿಡುವಾದಾಗ ಬಲ್ಲಾಳರು ಬಿಳಿ ಹಾಯಿದೋಣಿಯಲ್ಲಿ ಒಬ್ಬರೇ ಸಮುದ್ರಕ್ಕಿಳಿಯುತ್ತಿದ್ದರು. ಮುಂಬಯಿಯ ಹಾಯಿದೋಣಿ ಪಂದ್ಯಗಳಲ್ಲಿ ಕಪ್ ಗೆದ್ದವರು. ಎಂಜಿನ್ ಹಾಕಿಸಲು ಒಪ್ಪಲಿಲ್ಲ, ಹುಟ್ಟು ಹಾಕುವುದನ್ನು ಸೋಲೆಂದೇ ತಿಳಿದಿದ್ದರು. ಹೀಗಾಗಿ ನಾವಿಬ್ಬರೂ ದೋಣಿಯ ತಳದಲ್ಲಿ ಬಿದ್ದಿರುತ್ತಿದ್ದೆವು. ನನಗೆ ಕಾಣುತ್ತಿದ್ದುದು ಅವರ ಬರಿಗಾಲು, ಮಡಚಿದ ಪ್ಯಾಂಟು, ಹಗ್ಗ ಹಿಡಿದು ಗಂಟುಗಟ್ಟಿದ ಬೆರಳು.

ಒಂದು ವರ್ಷ ಬಂದರಿನಲ್ಲಿ ಜಗಳ ಹೊತ್ತಿಕೊಂಡಿತು. ಎಂಜಿನ್ ಬಲದಲ್ಲಿ ದೊಡ್ಡ ಬಲೆ ಎಳೆಯುವ ಟ್ರಾಲ್ ಬೋಟುಗಳು ದಡದ ಹತ್ತಿರವೇ ಮೀನು ಹಿಡಿದು ನಾಡದೋಣಿಯವರ ಬಲೆ ಹರಿದವು. ಸಿಟ್ಟಿಗೆ ಯಾರೋ ಒಂದು ಬೋಟಿಗೆ ಬೆಂಕಿಯಿಟ್ಟರು. ಒಳಗೆ ಮಲಗಿದ್ದವನು ಸತ್ತ. ನಾಡದೋಣಿಯವರ ಮುಖಂಡ ಅಣ್ಣು ಮೊಗವೀರ, ಬೋಟಿನವರ ಮುಖಂಡ ಲಕ್ಷ್ಮಣ ಖಾರ್ವಿ. ಸಂಧಾನಕ್ಕೆ ಒಂದೇ ಕೋಣೆಯಲ್ಲಿ ಕೂರಲು ಇಬ್ಬರೂ ಒಪ್ಪಲಿಲ್ಲ.

ಬಲ್ಲಾಳರು ಅವರನ್ನು ದೋಣಿಯ ಹತ್ತಿರ ಕರೆಸಿದರು. "ಕೋಣೆ ಬ್ಯಾಡ ಅಂದ್ರಿ. ಇಲ್ಲ್ ಗೋಡೆಯೇ ಇಲ್ಲ, ದೋಣಿ ಹತ್ತಿ."

ಒಬ್ಬ ಮುಂದೆ ಕೂತ, ಇನ್ನೊಬ್ಬ ಹಿಂದೆ. ದಡ ದೂರವಾಯಿತು. ಮಧ್ಯಾಹ್ನಕ್ಕೆ ಗಾಳಿ ಪೂರ್ತಿ ಬಿದ್ದು ಹಾಯಿ ಜೋತಿತು. ಇಳಿತದ ಸೆಳೆತ ನಮ್ಮನ್ನು ಇನ್ನೂ ಆಚೆಗೆ ಒಯ್ಯತೊಡಗಿತು.

"ಈಗ ಎಂತ ಮಾಡೂದ್?" ಖಾರ್ವಿ ಕೇಳಿದ.

"ಕೆಳಗೆ ಹುಟ್ಟ್ ಇತ್ತ್ ಕಾಣಿ. ನಂಗ್ ಹಾಕಿ ಅಭ್ಯಾಸ ಇಲ್ಲ," ಎಂದರು ಬಲ್ಲಾಳರು. ಅದು ನಿಜವೋ ನೆಪವೋ, ನನಗೆ ಇಂದಿಗೂ ತಿಳಿಯದು.

ನಾನು ಮೊಗವೀರನ ಕೈಗೆ ಹೋದೆ, ನನ್ನ ಜೋಡಿ ಖಾರ್ವಿಯ ಕೈಗೆ. ಹುಟ್ಟು ಹಾಕಲು ಕೂರುವ ಹಲಗೆ ಒಂದೇ, ಪಕ್ಕಪಕ್ಕದಲ್ಲಿ ಕೂರಲೇಬೇಕಾಯಿತು. ಮೊಗವೀರ ಸಿಟ್ಟಿನಿಂದ ಎಳೆದ. ದೋಣಿ ಇದ್ದಲ್ಲೇ ಸುತ್ತಿತು.

"ಸಮ ಎಳಿ ಮಾರಾಯ!" ಖಾರ್ವಿ ಗದರಿದ.

"ಎಂಜಿನ್ ಬಂದ್ ಮೇಲೆ ನಿಂಗ್ ಹುಟ್ಟ್ ಹಾಕೂದೇ ಮರ್ತ್ ಹೋಯ್ತ್," ಮೊಗವೀರ ಚುಚ್ಚಿದ.

"ನನ್ನಪ್ಪ ಸತ್ತದ್ದೂ ನಾಡದೋಣೀಲೇ."

ಮೊಗವೀರನ ಕೈ ನಿಂತಿತು. "ಗೊತ್ತಿತ್ತ್. ಹೆಣ ತಂದದ್ದ್ ನಾವೇ ಅಲ್ದ?"

ಆಮೇಲೆ ಎಳೆತ ಹೊಂದಿಕೊಂಡಿತು. ಎಳೆಯುತ್ತಲೇ ಬೈದಾಡಿದರು, ಬೈಯುತ್ತಲೇ ಮಾತಿಗೆ ಬಂದರು. ದಡ ಮುಟ್ಟುವಷ್ಟರಲ್ಲಿ ಒಪ್ಪಂದವಾಗಿತ್ತು: ಹತ್ತು ಮಾರು ಆಳದ ನೀರಿನಿಂದ ದಡದ ಕಡೆಗೆ ಟ್ರಾಲ್ ಬೋಟು ಬರಬಾರದು, ಬೆಂಕಿಯಿಟ್ಟವರನ್ನು ನಾಡದೋಣಿಯವರೇ ಪೊಲೀಸರಿಗೆ ಒಪ್ಪಿಸಬೇಕು. ಬಲ್ಲಾಳರು ಅದನ್ನೇ ಆದೇಶ ಮಾಡಿದರು. ಬಂದರು ತಣ್ಣಗಾಯಿತು.

ಆದರೆ ದೊಡ್ಡ ಬೋಟುಗಳ ಮಾಲೀಕರು ಪಕ್ಷಕ್ಕೆ ಬೇಕಾದವರು. ಚುನಾವಣೆ ಹತ್ತಿರ ಬಂದಾಗ ಧರ್ಮಪಾಲರು ಒಂದು ಸಂಜೆ ದೋಣಿಯ ಅಂಚಿಗೆ ಬಂದು ಕೂತರು.

"ಆ ಆದೇಶ ವಾಪಸ್ ತಕೋ."

"ಮಾತ್ ಕೊಟ್ಟಾಯ್ತ್, ಅಣ್ಣ."

"ಕೊಟ್ಟದ್ದ್ ಸರ್ಕಾರ, ನೀ ಅಲ್ಲ."

"ಹಾಂಗಾರೆ ಸರ್ಕಾರವೇ ತೆಗೀಲಿ. ನಾ ಇಪ್ಪುದಿಲ್ಲ."

ಮರುದಿನ ಬಲ್ಲಾಳರು ರಾಜೀನಾಮೆ ಕೊಟ್ಟರು, ಆದೇಶ ರದ್ದಾಯಿತು. ಅಣ್ಣತಮ್ಮಂದಿರು ಮತ್ತೆ ಮಾತಾಡಿದ್ದನ್ನು ನಾನು ಕೇಳಲಿಲ್ಲ.

ಬಲ್ಲಾಳರು ಮುಂದೆಯೂ ಬಹಳ ವರ್ಷ ಹಾಯಿ ಬಿಚ್ಚಿ ಹೋಗುತ್ತಿದ್ದರು. ಕೈ ನಡುಗತೊಡಗಿದ ಮೇಲೆ ಮೊದಲ ಬಾರಿಗೆ ನಮ್ಮಿಬ್ಬರನ್ನು ಹಿಡಿದರು. ದಡದ ಪಕ್ಕದಲ್ಲೇ ನಿಧಾನ ಹೋಗುತ್ತಿದ್ದಾಗ ಯಾರೋ ಕೂಗಿ ಕೇಳಿದರು, "ಒಳ್ಳೆ ಗಾಳಿ ಇತ್ತಲೆ ಸಾಹೇಬ್ರೇ, ಹಾಯಿ ಬಿಚ್ಚೂದಿಲ್ಯಾ?"

"ಗಾಳಿ ಇತ್ತ್. ಹಗ್ಗ ಹಿಡೂಕ್ ಕೈ ಇಲ್ಲ," ಎಂದು ನಕ್ಕರು.

ಅವರು ತೀರಿಕೊಂಡ ಮೇಲೆ ದೋಣಿಗೆ ಬಣ್ಣ ಬಳಿದು ಮನೆತನದ ವಸ್ತುಸಂಗ್ರಹಾಲಯಕ್ಕೆ ಒಯ್ದರು. ಹುಟ್ಟುಗಳು ಬೇಡವೆಂದರು. ನನ್ನ ಜೋಡಿ ಲಾರಿಯ ಚಕ್ರಕ್ಕೆ ಸಿಕ್ಕಿ ಮುರಿಯಿತು. ನನ್ನನ್ನು ಮೊಗವೀರನ ಹೆಂಡತಿ ಚಂದು ಎತ್ತಿಕೊಂಡು ಹೋದಳು. ಈಗ ಅವಳ ಅಂಗಳದಲ್ಲಿ ನನ್ನ ಮೇಲೆ ಬಲೆ ಒಣಗುತ್ತದೆ. ಅಂಚು ಸೀಳಿದೆ, ಬುಡಕ್ಕೆ ಗೆದ್ದಲು ಬಂದಿದೆ. ದೊಡ್ಡವರ ಬಾಳು ಎಷ್ಟರ ಮಟ್ಟಿಗೆ ಉಳಿಯಿತು ಎಂದು ಅಳೆಯುವುದು ನನ್ನಂಥ ಮರದ ತುಂಡಿನ ಕೆಲಸವಲ್ಲ.

ಬೆಳಗಿನ ಹೊತ್ತು ಟ್ರಾಲ್ ಬೋಟುಗಳ ಸದ್ದು ದಡದ ಹತ್ತಿರವೇ ಕೇಳುತ್ತದೆ. ಖಾರ್ವಿಯ ಮಗನ ಬೋಟು ಮಾತ್ರ ಹತ್ತು ಮಾರು ಆಳ ದಾಟಿಯೇ ಬಲೆ ಬಿಡುತ್ತದೆ. ಯಾಕೆಂದು ಚಂದು ಅವನನ್ನು ಕೇಳಿದ್ದಳಂತೆ.

"ಗೊತ್ತಿಲ್ಲೆ, ಅಪ್ಪಯ್ಯ ಹಾಂಗೇ ಮಾಡ್ತಿದ್ರ್," ಎಂದನಂತೆ.