ಒತ್ತದೇ ಉಳಿದ ಗುಂಡಿ

ಅಪ್ಪ ಬಿಳಿ ಹೊದಿಕೆಯ ಅಂಚನ್ನು ಎತ್ತಿ, ಅಮ್ಮನ ತಣ್ಣಗಾದ ಬಲಗೈ ಕೆಳಗೆ ಆ ಪುಟ್ಟ ಕೀಬೋರ್ಡನ್ನು ತೂರಿಸುತ್ತಿದ್ದರು. ಮಗಳು ಓಡಿಬಂದು ಅವರ ಮಣಿಕಟ್ಟು ಹಿಡಿದಳು.

“ಬಿಡು. ಅವಳ ಜೊತೆಗೇ ಹೋಗ್ಲಿ,” ಎಂದರು ಅಪ್ಪ. ಕಿವಿ ಕೇಳದವರ ದನಿ, ನಡುಮನೆಯೆಲ್ಲ ಮೊಳಗಿತು. “ಇನ್ಮೇಲೆ ನಂಗೆ ಯಾರ ಮಾತೂ ಬೇಡ.”

ಸುತ್ತ ಕೂತಿದ್ದ ನೆಂಟರು ತಿರುಗಿ ನೋಡಿದರು. ಮಗಳು ಕೀಬೋರ್ಡನ್ನು ಮೆಲ್ಲಗೆ ಹೊರಗೆಳೆದು ಮಡಿಲಲ್ಲಿಟ್ಟುಕೊಂಡಳು. ಅಂಗೈಯಷ್ಟೇ ಅಗಲ, ಕೆಲವೇ ಗುಂಡಿಗಳು. ಎರಡು ಮೂರನ್ನು ಒಟ್ಟಿಗೆ ಅದುಮಿದರೆ ಒಂದು ಅಕ್ಷರ. ಯಾವ ಭಾಷೆಯಾದರೂ ಒಂದೇ ದನಿಗೆ ಅವೇ ಬೆರಳುಗಳು ಬರುವಂತೆ ಅಮ್ಮನೇ ಹೊಂದಿಸಿಕೊಂಡಿದ್ದಳು. ಬದಿಯಲ್ಲಿರುವ ಸಣ್ಣ ಗುಂಡಿಯನ್ನು ಒತ್ತಿದರೆ ಲಿಪಿ ಮಾತ್ರ, ಕಚೇರಿಯದರಿಂದ ಮನೆಯದಕ್ಕೆ, ಬದಲಾಗುತ್ತಿತ್ತು. ಪುರಸಭೆಯ ಅಹವಾಲು ಸಭೆಯಲ್ಲಿ ಜನ ಯಾವ ಭಾಷೆಯಲ್ಲಿ ಗೋಳು ಹೇಳಿಕೊಂಡರೂ ಅದು ಆ ಕ್ಷಣವೇ ಗೋಡೆಯ ಮೇಲೆ ಮೂಡುತ್ತಿದ್ದದ್ದು ಅವಳ ಬೆರಳುಗಳಿಂದ. ಕಚೇರಿಯವರು ಅವಳನ್ನು ‘ಪಿಯಾನೋ ಅಕ್ಕ’ ಎನ್ನುತ್ತಿದ್ದರು. ಮನೆಗೆ ಬಂದರೆ ಅದೇ ಕೀಬೋರ್ಡು ಅಪ್ಪನ ಕಿವಿ. ಕಾರ್ಖಾನೆಯ ಲೇತ್ ಯಂತ್ರದ ಸದ್ದಿನಲ್ಲಿ ಕಿವಿ ಕಳೆದುಕೊಂಡ ಅವರು, ಅಮ್ಮ ಬರೆದದ್ದನ್ನು ತಮ್ಮ ಫೋನಿನ ಪರದೆಯಲ್ಲಿ ಓದಿಯೇ ಎಲ್ಲರ ಮಾತಿನಲ್ಲೂ ಸೇರಿಕೊಳ್ಳುತ್ತಿದ್ದರು. ಮೊನ್ನೆ ಸಂಜೆ ಕೆಲಸದಿಂದ ಬಂದು ಕುರ್ಚಿಗೆ ಒರಗಿದ ಅಮ್ಮ ಮತ್ತೆ ಏಳಲಿಲ್ಲ.

“ಇದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರ? ಈಗಿನ ಫೋನೇ ಕೇಳಿಸ್ಕೊಂಡು ಬರೆಯುತ್ತೆ,” ಎಂದು ಸೋದರಮಾವ ತನ್ನ ಫೋನನ್ನು ಅಪ್ಪನ ಮುಂದಿಟ್ಟ. ಆ ಕೋಣೆಯಲ್ಲಿ ಮೂರು ಭಾಷೆಯವರು ಒಟ್ಟಿಗೆ ಮಾತಾಡುತ್ತಿದ್ದರು. ಪರದೆಯ ಮೇಲೆ ‘ಪಾಪ ಅಕ್ಕ ಟಿಕೆಟ್ ಚಮಚ ಎಷ್ಟೊತ್ತಿಗೆ’ ಎಂದು ಬಂತು. ಅಪ್ಪ ನೋಡಿ, ಫೋನನ್ನು ಮಗುಚಿಟ್ಟರು.

“ನಿನ್ನ ಫೋನಿಗೂ ನಿನ್ನಷ್ಟೇ ಬುದ್ಧಿ,” ಎಂದಳು ಸೋದರತ್ತೆ.

ಅಮ್ಮನನ್ನು ಒಯ್ಯುವ ವ್ಯಾನು ಬರುವ ಮುಂಚೆ, ಬಂದವರು ಅಮ್ಮನ ಬಗ್ಗೆ ನಾಲ್ಕು ಮಾತಾಡುವುದೆಂದು ಆಗಿತ್ತು. ಅವಳ ಬಗ್ಗೆ ಆಡುವ ಮಾತೂ ಬೇಡವೆಂದು ಅಪ್ಪ ಇವತ್ತು ಮುಖ ತಿರುಗಿಸಿದರೆ, ನಾಳೆ ಯಾವ ಮಾತಿಗಾದರೂ ಯಾಕೆ ತಿರುಗಿಯಾರು? ಮಗಳು ಬೆರಳುಗಳನ್ನು ಗುಂಡಿಗಳ ಮೇಲೆ ಇಟ್ಟು ನೋಡಿದಳು. ಹಿಡಿತ ಮರೆತಿರಲಿಲ್ಲ.

*

ಮಗಳು ಆ ಹಿಡಿತವನ್ನು ಕಲಿತದ್ದು ತನ್ನ ಬೆನ್ನಿನಲ್ಲಿ. ಚಿಕ್ಕವಳಿದ್ದಾಗ ಮಲಗಿಸಲು ಬಂದ ಅಮ್ಮ, ಬೆನ್ನ ಮೇಲೆ ಬೆರಳುಗಳನ್ನು ಅದುಮಿ ಕೇಳುತ್ತಿದ್ದಳು: “ಏನು ಬರೆದೆ, ಹೇಳು?”

“ನಿದ್ದೆ.”

“ತಪ್ಪು. ಕಳ್ಳನಿದ್ದೆ.”

ನೆಂಟರು ಬಂದರೆ ಅಮ್ಮನ ಎಡಗೈ ಒಲೆಯ ಮೇಲಿನ ಪಾತ್ರೆ ಕದಡುತ್ತಿತ್ತು, ಬಲಗೈ ಮಾತು ಬರೆಯುತ್ತಿತ್ತು. ಬರೀ ಮಾತಲ್ಲ. ‘ಇದು ಬುರುಡೆ, ನೀವು ಮುಖ ಗಂಭೀರವಾಗಿಟ್ಟುಕೊಳ್ಳಿ’ ಎಂದೂ ನಡುವೆ ಸೇರಿಸುವಳು. ಅಪ್ಪನಿಗೆ ನಗು ತಡೆಯಲಾಗುತ್ತಿರಲಿಲ್ಲ. ತನ್ನ ಸಾಹಸ ಹೇಳುತ್ತಿದ್ದ ನೆಂಟ ಕಣ್ಣು ಕಣ್ಣು ಬಿಡುತ್ತಿದ್ದ.

ದಿನವಿಡೀ ಸಭೆಯಿದ್ದ ದಿನಗಳಲ್ಲಿ ಅಮ್ಮ ಮನೆಗೆ ಬಂದು ಕಣ್ಣು ಮುಚ್ಚಿಕೊಂಡೇ ಅಪ್ಪನಿಗೆ ಬರೆಯುತ್ತಿದ್ದಳು. ಅಪ್ಪ ಪರದೆಯನ್ನು ತುಸು ದೂರ ಹಿಡಿದು, ಹುಬ್ಬು ಗಂಟಿಕ್ಕಿ, ನಿಧಾನಕ್ಕೆ ತಲೆಯಾಡಿಸುತ್ತಿದ್ದರು. ಅವರಿಗೆ ಕನ್ನಡಕ ಬದಲಿಸಬೇಕು ಎಂದುಕೊಳ್ಳುತ್ತಿದ್ದಳು ಮಗಳು.

*

ಮೊದಲು ಎದ್ದು ನಿಂತದ್ದು ಅಮ್ಮನ ಕಚೇರಿಯ ಮೇಡಂ. ಅವರಿಗೆ ಈ ಮನೆಯ ಮಾತು ಬಾರದು. ಕಚೇರಿ ಭಾಷೆಯಲ್ಲೇ ಶುರು ಮಾಡಿದರು. ಮಗಳು ಅಪ್ಪನ ಮೊಣಕಾಲ ಮೇಲೆ ಅವರ ಫೋನನ್ನು ಆನಿಸಿಟ್ಟು, ಪಕ್ಕದಲ್ಲಿ ಕುಳಿತು, ತಲೆ ತಗ್ಗಿಸಿ, ಕೇಳಿದ್ದನ್ನು ಮನೆಮಾತಿಗೆ ತಿರುಗಿಸಿ ಬರೆಯತೊಡಗಿದಳು. ಅಪ್ಪ ಕಿಟಕಿಯ ಕಡೆ ನೋಡುತ್ತಿದ್ದರು.

ಮೇಡಂ ಹೇಳಿದರು: ಒಮ್ಮೆ ಒಬ್ಬ ಅಜ್ಜಿ ನಲ್ಲಿಯಲ್ಲಿ ನೀರಿಲ್ಲವೆಂದು ಉದ್ದಕ್ಕೆ ದೂರು ಹೇಳುತ್ತಿದ್ದರು. ಮೈಕು ಆರಿದೆಯೆಂದುಕೊಂಡ ಅಧ್ಯಕ್ಷರು, “ಈ ಮುದುಕಿ ಬಾಯಿ ಯಾವಾಗ ಮುಚ್ಚುತ್ತೋ,” ಎಂದು ಗೊಣಗಿದರು. ಅದೂ ದೊಡ್ಡ ಅಕ್ಷರಗಳಲ್ಲಿ ಗೋಡೆಗೆ ಬಂತು. ಅಧ್ಯಕ್ಷರು ಪಿಯಾನೋ ಅಕ್ಕನ ಮೇಲೆ ಹಾರಾಡಿದರೆ ಅವಳು, “ಮಾತು ಬಂತು, ಬೆರಳು ಹೋಯ್ತು ಸಾರ್,” ಅಂದಳಂತೆ.

ಎಲ್ಲರೂ ನಕ್ಕರು. ಸೋದರತ್ತೆ ಮಾತ್ರ ಅಣ್ಣನ ಫೋನಿನ ಮೇಲೆ ಬಗ್ಗಿದಳು. “ಏನೇ ಇದು? ಇರುವೆ ಸಾಲು ಹರಿದ ಹಾಗಿದೆ!”

ಮಗಳು ನೋಡಿದಳು. ಮನೆಯ ಮಾತು, ಕಚೇರಿಯ ಲಿಪಿ. ಅಮ್ಮ ಕೊನೆಯ ಸಂಜೆ ಬದಿಯ ಗುಂಡಿ ಒತ್ತದೆಯೇ ಒರಗಿದ್ದಳು. ಇವಳೂ ನೋಡದೆ ಬರೆದಿದ್ದಳು.

ಮೇಡಂ ಬಂದು ಇಣುಕಿ, ಅಕ್ಷರ ಕೂಡಿಸಿ ಓದಿ, ತಮ್ಮ ಭಾಷೆಯಲ್ಲಿ ಹೇಳಿದರು: “ಅಕ್ಷರವೇನೋ ನಮ್ಮದೇ, ಒಂದು ಮಾತೂ ಅರ್ಥವಾಗ್ತಿಲ್ಲ.”

“ನಂಗೆ ನಮ್ಮ ಮಾತು ಬರುತ್ತೆ, ಈ ಅಕ್ಷರ ಬರಲ್ಲ. ಇನ್ಯಾರಿಗೆ ಬರೆದೆಯೇ ತಾಯೀ?” ಎಂದಳು ಸೋದರತ್ತೆ.

ಮಗಳ ಮುಖ ಬಿಸಿಯಾಯಿತು. ಅಪ್ಪ ಓದಿದ್ದು ಮನೆಯ ಲಿಪಿಯೊಂದನ್ನೇ. ಇದ್ದ ಒಂದು ಅವಕಾಶವನ್ನೂ ಕೆಡಿಸಿದೆನೆಂದು ಅವಳು ಫೋನಿಗೆ ಕೈಚಾಚಿದಳು. ಆದರೆ ಈ ಗದ್ದಲ ಕಂಡು ಅಪ್ಪ ಅದನ್ನು ಎತ್ತಿಕೊಂಡಾಗಿತ್ತು. ದೂರ ಹಿಡಿದರು. ಹುಬ್ಬು ಗಂಟಿಕ್ಕಿತು. ತುಟಿ ಅಲುಗಿತು. ಆಮೇಲೆ ನಗುವಿಗೆ ಅವರ ಹೊಟ್ಟೆ ಕುಲುಕಿತು.

“ಬೆರಳು ಹೋಯ್ತು ಸಾರ್ ಅಂದ್ಲಾ? ಅಧ್ಯಕ್ಷರಿಗೇ?”

ಮಗಳು ಪರದೆಯ ಅಕ್ಷರಗಳನ್ನೂ ಅಪ್ಪನ ಕಣ್ಣನ್ನೂ ಬೆರಳಲ್ಲಿ ತೋರಿಸಿದಳು.

“ಬರುತ್ತೆ ಕಣೇ,” ಎಂದರು ಅಪ್ಪ, ತಪ್ಪು ಮಾಡಿ ಸಿಕ್ಕಿಬಿದ್ದವರಂತೆ. “ದಣಿದು ಬಂದ ದಿನ ಆ ಗುಂಡಿ ಒತ್ತೋದು ಮರೀತಿದ್ಲು. ಒಂದೆರಡು ಸಲ ತಪ್ಪು ಅಂತ ತೋರಿಸ್ದೆ. ಪಾಪ, ಅದನ್ನೆಲ್ಲ ಮತ್ತೆ ಬರೆಯೋಳು. ಅದರ ಬದಲು ನಾನೇ ಕಲಿತರಾಯ್ತು ಅಂದ್ಕೊಂಡೆ. ಅಂಗಡಿ ಬೋರ್ಡು, ಬಸ್ಸಿನ ಬೋರ್ಡು ನೋಡ್ಕೊಂಡು ಕಲಿತೆ. ಅವಳಿಗೆ ಹೇಳ್ಲಿಲ್ಲ. ಹೇಳಿದ್ರೆ ಬೇಜಾರು ಮಾಡ್ಕೋತಿದ್ಲು.”

“ಥೂ ಕಳ್ಳ,” ಎಂದು ಸೋದರತ್ತೆ ಮೂಗೊರೆಸಿಕೊಂಡಳು.

ಬದಿಯ ಗುಂಡಿಯ ಮೇಲಿದ್ದ ಬೆರಳನ್ನು ಮಗಳು ಒತ್ತದೆಯೇ ತೆಗೆದಳು.

“ಆಮೇಲೆ?” ಎಂದರು ಅಪ್ಪ, ಮೇಡಂ ಕಡೆ ತಿರುಗಿ. “ಆ ಅಜ್ಜಿಗೆ ನೀರು ಬಂತಾ?”

ಮಗಳು ಮೇಡಂ ಬಳಿ ಅವರ ಭಾಷೆಯಲ್ಲಿ ಕೇಳಿ, ಬಂತು ಎಂದು ಬರೆದಳು. ಆಮೇಲೆ ಬೇರೆಯವರು ಮಾತಾಡಿದರು; ಅವಳು ತಡವರಿಸುತ್ತ, ತಿದ್ದುತ್ತ ಬರೆಯುತ್ತ ಹೋದಳು. ಅಪ್ಪ ಓದುತ್ತ ಹೋದರು, ಅಳುತ್ತ, ಅಲ್ಲಲ್ಲಿ “ಇದು ಸುಳ್ಳು, ಅವಳು ಹಾಗೆ ಅಂದೇ ಇರಲ್ಲ” ಎನ್ನುತ್ತ.

ಇದ್ದಕ್ಕಿದ್ದಂತೆ ಎಲ್ಲರ ತಲೆಗಳೂ ಬಾಗಿಲ ಕಡೆ ಹೊರಳಿದ್ದನ್ನು ಅಪ್ಪ ಕಂಡರು. “ಅಲ್ಲೇನು ಗಲಾಟೆ?”

ಮಗಳು ಬರೆದಳು: ‘ವ್ಯಾನು ಗೇಟಿನಲ್ಲಿ ಸಿಕ್ಕಿಕೊಂಡಿದೆ. ಮಾವ ಬಲಕ್ಕೆ ತಿರುಗಿಸು ಅಂತಾನೆ, ಡ್ರೈವರ್ ಎಡಕ್ಕೆ ಅಂತಾನೆ.’

“ಇಬ್ರಿಗೂ ಬುದ್ಧಿಯಿಲ್ಲ. ಅವಳನ್ನ ಹೀಗಾ ಕರ್ಕೊಂಡು ಹೋಗೋದು?” ಅಪ್ಪ ಎದ್ದರು. ಅಂಗಳ ದಾಟಿ, ಸೋದರಮಾವನನ್ನು ಪಕ್ಕಕ್ಕೆ ಸರಿಸಿ ವ್ಯಾನಿನ ಹಿಂದೆ ನಿಂತು, ಕೈ ಎತ್ತಿ ಕೂಗಿದರು: “ನೇರ ಮಾಡು! ನಿಧಾನ... ಬಾ, ಬಾ!”

ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ ಏನೋ ಕೇಳಿದ. ಮಗಳು ಬಾಗಿಲಲ್ಲೇ ನಿಂತು ಗುಂಡಿಗಳನ್ನು ಅದುಮತೊಡಗಿದಳು. ಅಪ್ಪ ಎತ್ತಿದ ಕೈಯನ್ನು ಹಾಗೆಯೇ ಹಿಡಿದು, ಇನ್ನೊಂದು ಕೈಯಲ್ಲಿದ್ದ ಫೋನಿನ ಪರದೆಯನ್ನು ನೋಡುತ್ತ, ಅಕ್ಷರಗಳಿಗಾಗಿ ಕಾಯುತ್ತ ನಿಂತರು.