ಸೋರುತ್ತಿದ್ದ ಕಾರು

ಆಸ್ಪತ್ರೆಗೆ ಇನ್ನೂ ಅರ್ಧ ದಾರಿ ಇರುವಾಗಲೇ ಕಾರಿನ ಆಯಿಲ್ ದೀಪ ಕೆಂಪಗೆ ಹತ್ತಿಕೊಂಡಿತು. ಸ್ಟೇರಿಂಗ್ ಹಿಡಿದಿದ್ದವಳು ಊರಿನವರ ಬಟ್ಟೆ ಹೊಲಿಯುವ ಟೈಲರಮ್ಮ.

"ಎಂಜಿನ್ ಆಫ್ ಮಾಡು! ಮೊದಲು ಆಫ್ ಮಾಡು!" ಪಕ್ಕದಲ್ಲಿ ಒರಗಿದ್ದ ಗಂಡ ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದ.

ಉರುಳುತ್ತಿದ್ದ ಕಾರನ್ನು ಹೇಗೋ ರಸ್ತೆ ಬದಿಗೆ ತಂದು ನಿಲ್ಲಿಸಿದಳು. ಇಳಿದು ನೋಡಿದರೆ ಬಂದ ದಾರಿಯುದ್ದಕ್ಕೂ ಡಾಂಬರಿನ ಮೇಲೆ ಎಣ್ಣೆಯ ಗೆರೆ.

ಗಂಡನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಡಯಾಲಿಸಿಸ್ ಮಾಡಿಸಿದರೆ ಮಾತ್ರ ಬದುಕು. ಹಿಂದಿನ ಸರದಿ ಆಸ್ಪತ್ರೆಯ ಮೆಷಿನ್ ಕೆಟ್ಟು ತಪ್ಪಿಹೋಗಿತ್ತು. ಮುಖ, ಪಾದ ಊದಿಕೊಂಡು, ಈಗ ಕೂತರೂ ಏದುಸಿರು. ಆಂಬುಲೆನ್ಸಿಗೆ ಫೋನ್ ಮಾಡಿದಳು. ಗಾಡಿಗಳೆಲ್ಲ ಹೊರಗಿವೆ, ಕಾಯಬೇಕು ಎಂದರು. ಕೈ ಅಡ್ಡ ಹಾಕಿದಳು. ಲಾರಿಗಳು ಧೂಳೆಬ್ಬಿಸಿ ಹೋದವೇ ಹೊರತು ಒಂದೂ ನಿಲ್ಲಲಿಲ್ಲ.

"ಬಾನೆಟ್ ಎತ್ತು" ಎಂದ ಗಂಡ.

ಕಾಯಿಲೆ ಬೀಳುವ ಮುಂಚೆ ಅವನು ಗ್ಯಾರೇಜಿನ ದೊಡ್ಡ ಮೇಸ್ತ್ರಿ. ಸದ್ದು ಕೇಳಿಯೇ ಎಂಜಿನ್ನಿನ ನಾಡಿ ಹಿಡಿಯುತ್ತಿದ್ದವನು. ಮೊನ್ನೆ ಆಯಿಲ್, ಫಿಲ್ಟರ್ ಬದಲಿಸಬೇಕಾದಾಗ ಬೇರೆಯವರ ಹತ್ತಿರ ಮಾಡಿಸೋಣ ಎಂದು ಅವಳು ಅಂದಿದ್ದಕ್ಕೆ "ನಾನಿನ್ನೂ ಸತ್ತಿಲ್ಲ" ಎಂದು ಮುಖ ಸಿಂಡರಿಸಿ, ಕಾರಿನಡಿ ತೆವಳಿ ತಾನೇ ಮಾಡಿದ್ದ. ಆಮೇಲೆ ಅಂಗಳದಲ್ಲಿ ಹನಿ ಕಾಣಿಸಿಕೊಂಡಾಗ, "ಹಳೇ ಗಾಡಿ, ಮೇಲಿನ ಮುಚ್ಚಳದ ರಬ್ಬರ್ ಪ್ಯಾಕಿಂಗ್ ಒಣಗಿರುತ್ತೆ" ಎಂದು ತಳ್ಳಿಹಾಕಿದ್ದ.

"ಮೇಲಿನ ಮುಚ್ಚಳದ ಅಂಚು ಒರೆಸಿ ನೋಡು. ಒದ್ದೆ ಇದೆಯಾ?"

"ಇಲ್ಲ ರೀ, ಒಣಗಿದೆ."

"ಹಾಗಾದ್ರೆ ಅಲ್ಲಿಂದಲ್ಲ. ಎಣ್ಣೆ ಕೆಳಗಿಳಿಯುತ್ತೆ, ಮೇಲೆ ಹತ್ತಲ್ಲ. ಎಲ್ಲಿಂದ ಒದ್ದೆ ಶುರುವಾಗುತ್ತೆ ನೋಡು. ಅದೇ ಸೋರೋ ಜಾಗ."

ಅವಳು ಜಲ್ಲಿಕಲ್ಲಿನ ಮೇಲೆ ಅಂಗಾತ ಮಲಗಿ, ಮೊಬೈಲಿನ ಟಾರ್ಚ್ ಹಿಡಿದು ಒಳಗೆ ಸರಿದಳು. ಬಿಸಿ ಎಣ್ಣೆ ಕೆನ್ನೆಯ ಮೇಲೆ ತೊಟ್ಟಿಕ್ಕಿತು.

"ಫಿಲ್ಟರ್ ಸುತ್ತ ಪೂರ್ತಿ ಎಣ್ಣೆ. ಅದರ ಮೇಲೆ ಏನೂ ಇಲ್ಲ."

"ಬಿಚ್ಚು ಅದನ್ನ" ಎಂದ ಗಂಡ, ಏದುಸಿರಿನ ನಡುವೆ.

ಫಿಲ್ಟರ್ ಕೆಂಡದಂತೆ ಸುಡುತ್ತಿತ್ತು, ಜಾರುತ್ತಿತ್ತು. ಗಂಡನ ಸೊಂಟದ ಬೆಲ್ಟನ್ನೇ ಬಿಚ್ಚಿ ತಂದು, ಅದಕ್ಕೆ ಸುತ್ತಿ ಹಲ್ಲು ಕಚ್ಚಿ ಎಳೆದಳು. ಸಡಿಲಗೊಂಡಿತು. ಎಣ್ಣೆ ಮೊಣಕೈವರೆಗೂ ಹರಿಯಿತು. ಫಿಲ್ಟರಿನ ಬಾಯಿಗೊಂದು ರಬ್ಬರ್ ರಿಂಗ್ ಇತ್ತು. ಎಂಜಿನ್ನಿನ ಕಡೆ ಬೆರಳಾಡಿಸಿದರೆ ಅಲ್ಲೂ ಒಂದು! ಹಳೆಯ ಫಿಲ್ಟರಿನ ರಿಂಗು ಅಂಟಿಕೊಂಡೇ ಉಳಿದು, ಅದರ ಮೇಲೆ ಹೊಸದು ಕೂತು, ಎರಡರ ಸಂದಿಯಿಂದ ಎಣ್ಣೆ ಸೋರಿತ್ತು.

ಗಂಡನಿಗೆ ಕಾಣದಂತೆ ಹಳೇ ರಿಂಗನ್ನು ಕಿತ್ತು ಚರಂಡಿಗೆ ಎಸೆದಳು.

"ಸಡಿಲ ಆಗಿತ್ತು ಅಷ್ಟೇ. ಈ ಹಾಳು ರಸ್ತೇಲಿ ಯಾವುದು ತಾನೇ ಗಟ್ಟಿ ನಿಲ್ಲುತ್ತೆ!"

"ಸುಳ್ಳು ಹೇಳಬೇಡ. ಹಳೇ ರಿಂಗು ಅಲ್ಲೇ ಇತ್ತು, ಅಲ್ವಾ?"

ಅವಳು ಫಿಲ್ಟರಿನ ಬಾಯಿ ಒರೆಸತೊಡಗಿದಳು.

"ಕೆಲಸಕ್ಕೆ ಬಂದ ಹೊಸಬರಿಗೆಲ್ಲ ಮೊದಲು ಹಳೇ ರಿಂಗು ತೆಗೆಯೋದನ್ನೇ ಹೇಳಿಕೊಡ್ತಿದ್ದೆ. ಬೆರಳು ಮರಗಟ್ಟಿವೆ ಕಣೇ, ಮುಟ್ಟಿದ್ದೂ ಗೊತ್ತಾಗಲ್ಲ." ಅವನು ಸೀಟಿಗೆ ತಲೆ ಆನಿಸಿದ. "ಸಾಕು ಬಿಡು. ನನ್ನನ್ನ ಎಲ್ಲಿಗೂ ಕರ್ಕೊಂಡು ಹೋಗಬೇಡ."

ಟೈಲರಮ್ಮನ ತಾಳ್ಮೆಯ ಕಟ್ಟೆ ಒಡೆಯಿತು. "ಬಾಯಿ ಮುಚ್ಚಿ! ಇದನ್ನ ಎಷ್ಟು ಬಿಗಿ ಮಾಡಬೇಕು ಹೇಳಿ. ಆಮೇಲೆ ಬೇಕಾದ್ರೆ ಸಾಯಿರಿ!"

ಅಂದಮೇಲೆ ತಾನೇ ನಾಲಿಗೆ ಕಚ್ಚಿಕೊಂಡಳು. ಗಂಡ ಕಣ್ಣೊರೆಸಿಕೊಂಡ.

"ರಬ್ಬರಿಗೆ ಸ್ವಲ್ಪ ಎಣ್ಣೆ ಸವರು. ಕೈಯಲ್ಲೇ ತಿರುಗಿಸು. ರಬ್ಬರ್ ತಾಗಿದ ಮೇಲೆ ಇನ್ನು ಮುಕ್ಕಾಲು ಸುತ್ತು. ಜಾಸ್ತಿ ಬೇಡ."

ಹಾಗೇ ಮಾಡಿದಳು. ಮೊನ್ನೆ ಉಳಿದು ಡಿಕ್ಕಿಯಲ್ಲಿದ್ದ ಆಯಿಲ್ ಕ್ಯಾನನ್ನು ಎಂಜಿನ್ನಿಗೆ ಕೊನೆಯ ಹನಿವರೆಗೂ ಸುರಿದಳು. ಅಳತೆ ಕಡ್ಡಿಯ ಕೆಳಗಿನ ಗೆರೆಗೆ ಹಾಗೂ ಹೀಗೂ ತಾಗಿತು. ಕೀಲಿ ತಿರುಗಿಸಿದಳು. ಎಂಜಿನ್ ಗುಡುಗಿತು, ಕೆಂಪು ದೀಪ ಉರಿಯುತ್ತಲೇ ಇತ್ತು. ಇನ್ನೇನು ಅಳು ಬರಬೇಕು, ದೀಪ ಆರಿತು.

ಆಸ್ಪತ್ರೆಯಲ್ಲಿ ನರ್ಸ್, "ತಡ ಆಯ್ತಲ್ಲಮ್ಮ, ಮೆಷಿನ್ ಬೇರೆಯವರಿಗೆ ಕೊಟ್ಬಿಟ್ವಿ" ಎಂದಳು. ಎಣ್ಣೆ ಮೆತ್ತಿದ ಎರಡೂ ಕೈಯಿಂದ ಟೈಲರಮ್ಮ ಅವಳ ಕೈ ಹಿಡಿದುಕೊಂಡಳು. ಗಾಲಿಕುರ್ಚಿಯಲ್ಲಿದ್ದವನ ತುಟಿ ನೀಲಿಗಟ್ಟಿದ್ದನ್ನು ಕಂಡದ್ದೇ ತಡ, ನರ್ಸ್ ಡಾಕ್ಟರನ್ನು ಕೂಗುತ್ತ ಓಡಿದಳು. ಆಕ್ಸಿಜನ್ ಹಾಕಿದರು. ಮೆಷಿನ್ ಖಾಲಿಯಾಗುವವರೆಗೂ ಟೈಲರಮ್ಮ ಅವನ ಎದೆ ಏರಿಳಿಯುವುದನ್ನೇ ನೋಡುತ್ತ ನಿಂತಳು. ಉಸಿರು ನಿಂತುಬಿಟ್ಟರೆ ಎಂಬ ಭಯಕ್ಕೆ ರೆಪ್ಪೆ ಹೊಡೆಯಲೂ ಧೈರ್ಯವಾಗಲಿಲ್ಲ.

ಡಯಾಲಿಸಿಸ್ ಮುಗಿದು ಸಂಜೆ ಹೊತ್ತಿಗೆ ಅವನ ಉಸಿರು ಹತೋಟಿಗೆ ಬಂತು.

"ಮುಂದಿನ ಸಲ ಫಿಲ್ಟರ್ ನೀನೇ ಹಾಕು" ಎಂದ, ಗೋಡೆ ಕಡೆ ಮುಖ ಮಾಡಿ. "ನಾನು ಪಕ್ಕದಲ್ಲಿ ಕೂತು ಬೈತೀನಿ."

"ಬೈದು ನೋಡಿ" ಎಂದಳು. ಅಷ್ಟು ಹೊತ್ತು ತಡೆದಿಟ್ಟಿದ್ದ ಅಳು ಆಗ ನುಗ್ಗಿ ಬಂತು.